ಎರಡೂವರೆ ವರ್ಷದ ಮಗಳಿಗೆ ಮೈಸೂರು ಝೂ

ಮಗಳು ಅಷ್ಟು ದೂರ ನಡೀತಾಳಾ, ಪ್ರಾಣಿಗಳನ್ನ ನೋಡಿ ಹೆದರಿಕೊಳ್ತಾಳಾ ಅಂತ ಕೇಳಿದ್ದೀರಿ. ಖಂಡಿತ ಕರ್ಕೊಂಡು ಹೋಗಿ. ಆದರೆ ಪೂರ್ತಿ ತೋರಿಸಲೇಬೇಕು ಅನ್ನೋ ಹಟ ಬೇಡ. ಅದು ತುಂಬಾ ದೊಡ್ಡ ಜಾಗ, ದೊಡ್ಡವರ ಕಾಲೇ ನೋಯುತ್ತೆ. ಆನೆ, ಜಿರಾಫೆ, ಹುಲಿ, ಹಕ್ಕಿಗಳು, ಇಷ್ಟು ನೋಡಿದರೆ ಅವಳ ವಯಸ್ಸಿಗೆ ಧಾರಾಳ. ಬ್ಯಾಟರಿ ಗಾಡಿ ಸಿಗುತ್ತೆ, ಆದರೆ ಅದರಲ್ಲಿ ಕೂತರೆ ಮಗುಗೆ ಬೇಕಾದ ಕಡೆ ಬೇಕಾದಷ್ಟು ಹೊತ್ತು ನಿಲ್ಲೋಕಾಗಲ್ಲ. ನಾನಂತೂ ಸ್ಟ್ರಾಲರ್ ಒಯ್ಯಿರಿ ಅಂತೀನಿ.

ಬೆಳಿಗ್ಗೆ ಎಂಟೂವರೆಗೆ ಬಾಗಿಲು ತೆಗೆದ ತಕ್ಷಣ ಒಳಗೆ ಹೋಗಿಬಿಡಿ. ಬಿಸಿಲು ಏರಿದ ಮೇಲೆ ಹುಲಿ, ಸಿಂಹ ನೆರಳಲ್ಲಿ ಮಲಗಿಬಿಡ್ತವೆ, ಮಕ್ಕಳೂ ರಗಳೆ ಶುರು ಮಾಡ್ತಾರೆ. ಮಂಗಳವಾರ ರಜೆ. ದಸರಾ ದಿನಗಳಲ್ಲಿ ಪುಟ್ಟ ಮಗು ಜೊತೆ ಹೋಗಲೇಬೇಡಿ, ಅಷ್ಟು ಜನ. ನೀರಿಗೆ ಸ್ಟೀಲ್ ಬಾಟಲಿ ಇಟ್ಕೊಳ್ಳಿ.

ಹೆದರಿಕೆ ವಿಷಯ. ನನ್ನ ಮಗನಿಗೆ ಆಗ ಮೂರು ವರ್ಷ, ಸಿಂಹ ಗರ್ಜಿಸಿದ್ದೇ ತಡ ನನ್ನ ಕುತ್ತಿಗೆ ತಬ್ಬಿಕೊಂಡು ಬಿಕ್ಕಿ ಬಿಕ್ಕಿ ಅತ್ತ. "ಏನೂ ಮಾಡಲ್ಲ ಪುಟ್ಟಾ, ಹೆದರಬೇಡ" ಅಂದಷ್ಟೂ ಅಳು ಜೋರಾಯ್ತು. ನಮ್ಮಮ್ಮ ಅವನನ್ನ ಎತ್ತಿಕೊಂಡು ದೂರ ಒಂದು ಮರದ ಕೆಳಗೆ ಹೋಗಿ, "ಸಿಂಹ ಅದರ ಅಮ್ಮನ್ನ ಕರೀತಿದೆ ಕಣೋ" ಅಂದ್ರು. ಅಳು ನಿಂತುಹೋಯ್ತು! ಆಮೇಲೆ ತಾನೇ ಇಳಿದು, ಅಜ್ಜಿ ಕೈಹಿಡಿದು ನೋಡೋಕೆ ಬಂದ. ನಿಮ್ಮ ಮಗಳು ಹೆದರಿದರೂ ಒತ್ತಾಯ ಮಾಡಬೇಡಿ, ಸ್ವಲ್ಪ ದೂರ ಸರಿದು ನಿಂತರೆ ಸಾಕು.

ಅಂದಹಾಗೆ, ನನ್ನ ಮಗ ವಾರಪೂರ್ತಿ ಮಾತಾಡಿದ್ದು ಆನೆ ಲದ್ದಿ ಹಾಕಿದ್ದರ ಬಗ್ಗೆ. ಅವಳು ಏನನ್ನ ನೋಡ್ತಾ ನಿಲ್ತಾಳೋ ಅಲ್ಲೇ ನೀವೂ ನಿಲ್ಲಿ.