ಪ್ರಾಜೆಕ್ಟ್‌ಗೆ ಮಾಹಿತಿ ಹುಡುಕುವಾಗ ಯಾವ ವೆಬ್‌ಸೈಟ್ ನಂಬಬಹುದು ಅಂತ ತಿಳಿಯೋದು ಹೇಗೆ?

ಸೈಟ್‌ನ ವಿಳಾಸದ ಕೊನೆಗೆ ಡಾಟ್ ಆರ್ಗ್ (.org) ಅಂತ ಇದ್ದರೆ ನಂಬಬಹುದಾ, ವಿಕಿಪೀಡಿಯ ಮುಟ್ಟಲೇಬಾರದಾ ಅಂತ ಕೇಳಿದ್ದೀರಿ. ಡಾಟ್ ಆರ್ಗ್ ನೋಡಿ ನಂಬಬೇಡಿ. ದುಡ್ಡು ಕೊಟ್ಟರೆ ಆ ಹೆಸರು ಯಾರಿಗೆ ಬೇಕಾದರೂ ಸಿಗುತ್ತದೆ, ಡಾಟ್ ಕಾಮ್ ಸಿಕ್ಕ ಹಾಗೆಯೇ. ವಿಕಿಪೀಡಿಯದ ಮಾತಿಗೆ ಆಮೇಲೆ ಬರುತ್ತೇನೆ.

ನಾನು ಪದವಿ ವಿದ್ಯಾರ್ಥಿಗಳ ಪ್ರಾಜೆಕ್ಟ್ ತಿದ್ದುತ್ತೇನೆ. ಹೆಚ್ಚಿನವರು ಎಡವುವುದು ಒಂದೇ ಕಡೆ: ಸೈಟ್ ತೆರೆದವರು ಅದರೊಳಗೇ ಕೂತುಬಿಡುತ್ತಾರೆ. ಪುಟ ಅಚ್ಚುಕಟ್ಟಾಗಿದೆ, ಕೆಳಗೆ ಆಕರಗಳ ಪಟ್ಟಿ ಇದೆ, 'ನಮ್ಮ ಬಗ್ಗೆ' ಅನ್ನುವಲ್ಲಿ ಒಳ್ಳೊಳ್ಳೆ ಮಾತಿದೆ. ಸರಿ, ನಂಬಬಹುದು ಅಂದುಕೊಳ್ಳುತ್ತಾರೆ. ತಮ್ಮ ಬಗ್ಗೆ ತಾವೇ ಕೆಟ್ಟದಾಗಿ ಬರೆದುಕೊಳ್ಳುವವರು ಯಾರಿದ್ದಾರೆ ಹೇಳಿ?

ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸ್ಯಾಮ್ ವೈನ್‌ಬರ್ಗ್ ಮತ್ತು ಸಾರಾ ಮೆಕ್‌ಗ್ರೂ 2017ರಲ್ಲಿ ಇದನ್ನೇ ಪರೀಕ್ಷೆ ಮಾಡಿ ನೋಡಿದರು. 10 ಇತಿಹಾಸಕಾರರು, 10 ಫ್ಯಾಕ್ಟ್ ಚೆಕರ್‌ಗಳು (ಸುದ್ದಿ ನಿಜವೋ ಸುಳ್ಳೋ ಅಂತ ಪರಿಶೀಲಿಸುವವರು), 25 ವಿದ್ಯಾರ್ಥಿಗಳು. ಮಕ್ಕಳ ವೈದ್ಯರ ಎರಡು ಸಂಘಗಳ ಸೈಟ್ ಕೊಟ್ಟು, ಯಾವುದನ್ನು ಹೆಚ್ಚು ನಂಬುತ್ತೀರಿ ಅಂತ ಕೇಳಿದರು. ಒಂದು 1930ರಿಂದ ಇರುವ, ಹತ್ತಾರು ಸಾವಿರ ಸದಸ್ಯರ ಸಂಘ. ಇನ್ನೊಂದು 2002ರಲ್ಲಿ ಅದರಿಂದ ಒಡೆದು ಬಂದ ಚಿಕ್ಕ ಗುಂಪು. ಪುಟ ನೋಡಿದರೆ ಎರಡೂ ಒಂದೇ ಥರ. ವಿದ್ಯಾರ್ಥಿಗಳಷ್ಟೇ ಅಲ್ಲ, ಓದಿ ಪಳಗಿದ ಇತಿಹಾಸಕಾರರಲ್ಲೂ ಹಲವರು ತಡವರಿಸಿದರು. ಫ್ಯಾಕ್ಟ್ ಚೆಕರ್‌ಗಳು ಮಾತ್ರ ಪುಟ ಪೂರ್ತಿ ಓದುವ ಗೋಜಿಗೇ ಹೋಗಲಿಲ್ಲ. ಹೊಸ ಟ್ಯಾಬ್ ತೆರೆದು, ಈ ಸಂಘದ ಬಗ್ಗೆ ಹೊರಗಿನವರು ಏನು ಹೇಳಿದ್ದಾರೆ ಅಂತ ಹುಡುಕಿದರು. ನೀವೂ ಹಾಗೇ ಮಾಡಿ. ಯಾರು ನಡೆಸುತ್ತಾರೆ, ದುಡ್ಡು ಎಲ್ಲಿಂದ ಬರುತ್ತದೆ ಅನ್ನೋದು ಸೈಟ್‌ನಿಂದ ಹೊರಗೆ ಬಂದರೇನೇ ಗೊತ್ತಾಗುವುದು.

ಇನ್ನು ವಿಕಿಪೀಡಿಯ. ಶುರು ಮಾಡಲು ಧಾರಾಳವಾಗಿ ಓದಿ, ಅಲ್ಲೇ ನಿಲ್ಲಬೇಡಿ. 2008ರಲ್ಲಿ ಅಮೆರಿಕದ ಒಬ್ಬ ವಿದ್ಯಾರ್ಥಿ ಕೊವಾಟಿ ಅನ್ನೋ ಪ್ರಾಣಿಯ ಪುಟದಲ್ಲಿ, ಇದಕ್ಕೆ 'ಬ್ರೆಜಿಲಿಯನ್ ಆರ್ಡ್‌ವಾರ್ಕ್' ಅಂತಲೂ ಹೆಸರಿದೆ ಅಂತ ಸುಮ್ನೆ ಸೇರಿಸಿದ. ಪತ್ರಿಕೆಗಳು ಅದನ್ನು ಎತ್ತಿಕೊಂಡವು. ಕೊನೆಗೆ ಆ ಪತ್ರಿಕೆಗಳನ್ನೇ ವಿಕಿಪೀಡಿಯದಲ್ಲಿ ಆಧಾರ ಅಂತ ಕೊಟ್ಟರು! ಗೋವಾದಲ್ಲಿ ನಡೆಯಿತು ಅನ್ನಲಾದ 'ಬಿಚೋಲಿಂ ಕದನ' ಇನ್ನೂ ವಿಚಿತ್ರ. ಅಂಥ ಕದನ ನಡೆದೇ ಇರಲಿಲ್ಲ. ಆದರೂ ಆ ಲೇಖನ 2007ರಿಂದ 2012ರವರೆಗೆ ಅಲ್ಲಿತ್ತು, ಅದರ ಅಡಿಟಿಪ್ಪಣಿಗಳಲ್ಲಿ ಎಲ್ಲೂ ಅಸ್ತಿತ್ವದಲ್ಲೇ ಇಲ್ಲದ ಪುಸ್ತಕಗಳ ಹೆಸರಿದ್ದವು. ಯಾರಾದರೂ ಒಂದು ಪುಸ್ತಕ ಹುಡುಕಿದ್ದರೂ ಬೇಗ ಸಿಕ್ಕಿಬೀಳುತ್ತಿತ್ತು ಅಲ್ವಾ? ಈಗ ಚಾಟ್‌ಬಾಟ್‌ಗಳೂ ಹೀಗೇ ಇಲ್ಲದ ಲೇಖನಗಳ ಹೆಸರು ಕೊಡುತ್ತವೆ. ಹಾಗಾಗಿ ಆಕರ ತೆರೆದು ನೋಡದೆ ನಿಮ್ಮ ಪಟ್ಟಿಗೆ ಸೇರಿಸಲೇಬೇಡಿ.

ಪ್ರಬಂಧ ನಿಜವಾಗಿಯೂ ಇದ್ದರೆ, ಅದನ್ನು ವಾಪಸ್ ಪಡೆದಿದ್ದಾರಾ ಅಂತಲೂ ನೋಡಿ. ಲಸಿಕೆಗೂ ಆಟಿಸಂಗೂ ಗಂಟು ಹಾಕಿದ ವೇಕ್‌ಫೀಲ್ಡ್ ಪ್ರಬಂಧ ಬಂದಿದ್ದು 1998ರಲ್ಲಿ, ಅದನ್ನು ಪ್ರಕಟಿಸಿದ್ದ ವೈದ್ಯಕೀಯ ಪತ್ರಿಕೆ ಲ್ಯಾನ್ಸೆಟ್ ವಾಪಸ್ ಪಡೆದಿದ್ದು 2010ರಲ್ಲಿ. ಅದನ್ನು ನಂಬಿ ಬರೆದ ಪುಟಗಳು ಈಗಲೂ ಸಿಗುತ್ತವೆ.

ಒಮ್ಮೆ ಒಬ್ಬ ವಿದ್ಯಾರ್ಥಿನಿ, ಪ್ಲಾಸ್ಟಿಕ್ ಚೀಲ ಮಣ್ಣಲ್ಲಿ ಕರಗಲು 500 ವರ್ಷ ಬೇಕು ಅಂತ ಬರೆದು ತಂದಿದ್ದಳು. "ಮೂರು ಸೈಟಲ್ಲೂ ಇದೆ ಮೇಡಂ" ಅಂದಳು. ಇಬ್ಬರೂ ಕೂತು ಮೂರನ್ನೂ ಅಕ್ಕಪಕ್ಕ ಇಟ್ಟು ನೋಡಿದೆವು. ಒಂದೇ ವಾಕ್ಯ. ಪಾಲಿಥೀನ್ ಅನ್ನೋ ಪದದಲ್ಲಿ ಒಂದು ಅಕ್ಷರ ಬಿಟ್ಟುಹೋಗಿತ್ತು, ಮೂರರಲ್ಲೂ ಅದೇ ಅಕ್ಷರ! ಅಂದರೆ ಮೂರು ಸಾಕ್ಷಿ ಅಲ್ಲ, ಒಂದನ್ನೇ ಇನ್ನೆರಡು ನಕಲು ಮಾಡಿದ್ದವು. ಆಧಾರದ ಲಿಂಕ್ ಒತ್ತಿದರೆ ಎರಡನೆಯದು ಮೊದಲನೆಯದಕ್ಕೆ ಹೋಯಿತು, ಮೊದಲನೆಯದರಲ್ಲಿ ಆಧಾರವೇ ಇರಲಿಲ್ಲ. ಆಗ ಅವಳಿಗೆ ಕೇಳಿದೆ, ಕೈಗಾರಿಕೆಗೆ ಒಗ್ಗುವ ಪಾಲಿಥೀನ್ ಸಿಕ್ಕಿದ್ದೇ 1933ರಲ್ಲಿ, 500 ವರ್ಷ ಕಾದು ನೋಡಿದವರು ಯಾರು? ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ ಆ ಸಾಲು ಹೊಡೆದುಹಾಕಿ, ಇಂಥ ಅಂದಾಜನ್ನು ಹೇಗೆ ಮಾಡುತ್ತಾರೆ ಅಂತ ಹುಡುಕಲು ಕೂತಳು.