ಸ್ಲಿಪ್-ಆನ್ ಹಾಕಿಸಿದರೆ ಟ್ಯೂನರ್ ಬೇಕೇ ಬೇಕಾ?

ರಾಯಲ್ ಎನ್‌ಫೀಲ್ಡ್ ಇಂಟರ್‌ಸೆಪ್ಟರ್ 650 ಬೈಕ್‌ಗೆ ಸ್ಲಿಪ್-ಆನ್ ಸೈಲೆನ್ಸರ್ (ಹೊಗೆ ಪೈಪಿನ ಕೊನೆಯ ಭಾಗ ಮಾತ್ರ ಬದಲಿಸುವಂಥದ್ದು) ಹಾಕಿಸಿದ ಮೇಲೆ ಥ್ರಾಟಲ್ ಬಿಟ್ಟಾಗ ಪಟಪಟ ಅನ್ನುತ್ತೆ, ಫ್ಯುಯೆಲ್‌ಎಕ್ಸ್ ಟ್ಯೂನರ್ (ಎಂಜಿನ್‌ಗೆ ಹೋಗುವ ಪೆಟ್ರೋಲ್ ಪ್ರಮಾಣ ಹೊಂದಿಸುವ ಸಾಧನ) ಕೊಳ್ಳಲೇ ಅಂತ ಕೇಳಿದ್ದೀರಿ. ದುಡ್ಡು ಹಾಕುವ ಮೊದಲು ಸೈಲೆನ್ಸರ್ ಸೇರುವ ಜಾಗದ ಕ್ಲ್ಯಾಂಪ್, ಗ್ಯಾಸ್ಕೆಟ್ ನೋಡಿಸಿ. ಅಲ್ಲಿ ಲೀಕ್ ಇದ್ದರೆ ಹೊರಗಿನ ಗಾಳಿ ಒಳನುಗ್ಗಿ, ಉರಿಯದೆ ಉಳಿದ ಪೆಟ್ರೋಲ್ ಪೈಪಿನಲ್ಲೇ ಸಿಡಿಯುತ್ತೆ. ಅದನ್ನು ಯಾವ ಟ್ಯೂನರೂ ಸರಿಮಾಡಲ್ಲ.

ಲೀಕ್ ಇಲ್ಲ ಅನ್ನಿ. ನಿಧಾನದ ಓಡಾಟದಲ್ಲಿ ಇಸಿಯು (ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್) ಹೊಗೆ ಪೈಪಿನ ಆಕ್ಸಿಜನ್ ಸೆನ್ಸರ್ ನೋಡಿಕೊಂಡು ಗಾಳಿ-ಪೆಟ್ರೋಲ್ ಅನುಪಾತವನ್ನು 14.7:1ರ ಆಸುಪಾಸಲ್ಲೇ ಇಡುತ್ತೆ. ಹಾಗಾಗಿ ಬರೀ ಸ್ಲಿಪ್-ಆನ್‌ಗೆ ಟ್ಯೂನರ್ ಅನಿವಾರ್ಯವಲ್ಲ. ಫುಲ್ ಥ್ರಾಟಲ್‌ನಲ್ಲಿ ಆ ಸೆನ್ಸರ್ ಮಾತು ನಡೆಯಲ್ಲ. ಏರ್ ಫಿಲ್ಟರ್, ಹೆಡರ್ (ಎಂಜಿನ್‌ನಿಂದ ಹೊರಡುವ ಹೊಗೆ ಪೈಪ್) ಎರಡನ್ನೂ ಬದಲಿಸಿದರೆ ಅಲ್ಲಿ ಪೆಟ್ರೋಲ್ ಸಾಲದೆ ಎಂಜಿನ್ ಕಾಯಬಹುದು. ಅಂಥ ಗಾಡಿಗೆ ಟ್ಯೂನರ್ ಖಂಡಿತ ಹಾಕಿಸಿ. ಕಡಿಮೆ ಪೆಟ್ರೋಲ್ ಸೇರಿಸುವ ಮ್ಯಾಪ್‌ನಿಂದ (ಟ್ಯೂನರ್‌ನ ಸೆಟ್ಟಿಂಗ್) ಶುರುಮಾಡಿ, ಸ್ಪಾರ್ಕ್ ಪ್ಲಗ್‌ಗೆ ಕಪ್ಪು ಮಸಿ ಹಿಡಿದರೆ ಒಂದು ಹಂತ ಇಳಿಸಿ.