ಯಾಕೆ ಬಿತ್ತು ಅಂತ ಕೇಳಬಾರದಾ ಮೇಷ್ಟ್ರೇ?

ಹೊಳಲ್ಕೆರೆಯ ನಿವೃತ್ತ ಮೇಷ್ಟ್ರೊಬ್ಬರು ನಾಲ್ಕು ಪುಟದ ಕಾಗದ ಬರೆದಿದ್ದಾರೆ. ಸಿಟ್ಟಿನಲ್ಲಿ ಬರೆದರೂ ಒಂದಕ್ಷರ ಸೊಟ್ಟಗಾಗಿಲ್ಲ. ಕಳೆದ ಸಂಚಿಕೆಯಲ್ಲಿ ಕಾರ್ಗಿಲ್ ಯುದ್ಧದಲ್ಲಿ ಬಿದ್ದ ಎಂಐ-17 ಹೆಲಿಕಾಪ್ಟರ್ ಬಗ್ಗೆ ನಾವು ಹಾಕಿದ್ದ ಲೇಖನ ಅವರಿಗೆ ಹಿಡಿಸಿಲ್ಲ. "ಪ್ರಾಣ ಕೊಟ್ಟವರ ಬಗ್ಗೆ ಬರೆಯುವಾಗ ಅದಿರಲಿಲ್ಲ, ಇದಿರಲಿಲ್ಲ ಅಂತ ಯಾಕೆ ಬರೆಯುತ್ತೀರಿ? ಸತ್ತವರಿಗೆ ಅದರಿಂದ ಏನು ಬಂತು? ಇದನ್ನು ಓದಿದ ಮಕ್ಕಳು ಸೇನೆಗೆ ಸೇರುತ್ತಾರಾ? ಅವರ ಸಾಹಸ ಬರೆಯಿರಿ, ಸಾಕು" ಎಂದಿದ್ದಾರೆ. ಕೊನೆಯಲ್ಲಿ ಅದೇ ಸಂಚಿಕೆಯ ಇನ್ನೆರಡು ಪ್ರತಿ ಕಳಿಸಿ ಅಂತಲೂ ಕೇಳಿದ್ದಾರೆ. ಆ ವಿಷಯಕ್ಕೆ ಆಮೇಲೆ ಬರುತ್ತೇನೆ.

ಮೇಷ್ಟ್ರೇ, ನಿಮ್ಮ ಮಾತಿನಲ್ಲಿ ಒಂದು ಪಾಲು ಸರಿ ಇದೆ. ಯುದ್ಧ ನಡೆಯುತ್ತಿರುವಾಗ ನಮ್ಮ ವಿಮಾನದಲ್ಲಿ ಏನಿದೆ, ಏನಿಲ್ಲ ಅಂತ ಊರಿಗೆಲ್ಲ ಡಂಗುರ ಸಾರಬಾರದು. ಒಪ್ಪಿದೆ. ಆದರೆ ಕಾರ್ಗಿಲ್ ಮುಗಿದು ಇಪ್ಪತ್ತೈದು ವರ್ಷದ ಮೇಲಾಯಿತು. ಆಗ ತೊಟ್ಟಿಲಲ್ಲಿದ್ದ ಮಕ್ಕಳೇ ಈಗ ಮಕ್ಕಳನ್ನು ಶಾಲೆಗೆ ಬಿಡುತ್ತಿದ್ದಾರೆ. ಇನ್ನೂ ಬಾಯಿ ಮುಚ್ಚಿಕೊಂಡೇ ಇರಿ ಅಂದರೆ ಹೇಗೆ?

ಲೇಖನ ಓದದವರಿಗಾಗಿ ನಡೆದದ್ದನ್ನು ಇನ್ನೊಮ್ಮೆ ಹೇಳುತ್ತೇನೆ. 1999ರ ಮೇ 26ಕ್ಕೆ ವಾಯುಪಡೆ ಕಾರ್ಗಿಲ್‌ನಲ್ಲಿ ದಾಳಿ ಶುರು ಮಾಡಿತು. ಅದಕ್ಕೂ ಮೊದಲೇ, 21ರಂದು, ಫೋಟೋ ತೆಗೆಯಲು ಹೋಗಿದ್ದ ಕ್ಯಾನ್‌ಬೆರಾ ವಿಮಾನಕ್ಕೆ ಕ್ಷಿಪಣಿ ಬಡಿದಿತ್ತು. ಅದು ಒಂದೇ ಎಂಜಿನ್ನಿನಲ್ಲಿ ಹೇಗೋ ಶ್ರೀನಗರಕ್ಕೆ ಬಂದು ಇಳಿಯಿತು. ಅಂದರೆ ಬೆಟ್ಟದ ಮೇಲೆ ಕೂತವರ ಕೈಯಲ್ಲಿ ಎಂಥ ಆಯುಧ ಇದೆ ಅನ್ನೋದು ಗೊತ್ತಾಗಿತ್ತು. 27ರಂದು ಒಂದು ಮಿಗ್-27ರ ಎಂಜಿನ್ ಆರಿಹೋಯಿತು, ಪೈಲಟ್ ಸೆರೆಸಿಕ್ಕರು. ಅವರನ್ನು ಹುಡುಕುತ್ತಿದ್ದ ಮಿಗ್-21ನ್ನು ಶತ್ರು ಹೊಡೆದ, ಸ್ಕ್ವಾಡ್ರನ್ ಲೀಡರ್ ಅಜಯ್ ಅಹುಜಾ ತೀರಿಕೊಂಡರು. ಮಾರನೇ ದಿನ, 28ಕ್ಕೆ, ತೋಲೋಲಿಂಗ್ ಬೆಟ್ಟದ ಮೇಲೆ ರಾಕೆಟ್ ಹಾರಿಸಲು ಹೋದ ಎಂಐ-17 ಬಿತ್ತು.

ಎಂಐ-17 ಹುಟ್ಟಿದ್ದೇ ಜನ, ಸಾಮಾನು ಸಾಗಿಸಲು. ಯುದ್ಧಕ್ಕೆಂದೇ ಮಾಡಿದ ಎಂಐ-35 ಅಷ್ಟು ಎತ್ತರದ ತೆಳು ಗಾಳಿಯಲ್ಲಿ ಕೆಲಸ ಮಾಡಲಾರದು. ಹಾಗಾಗಿ ಹೊರೆ ಹೊರುವ ಯಂತ್ರಕ್ಕೇ ರಾಕೆಟ್ ಕಟ್ಟಿ ಕಳಿಸಿದರು. ಹೆಗಲ ಮೇಲಿಟ್ಟು ಹಾರಿಸುವ ಕ್ಷಿಪಣಿ ಎಂಜಿನ್ನಿನ ಬಿಸಿಯನ್ನು ಹಿಂಬಾಲಿಸಿ ಬರುತ್ತದೆ. ಅದರ ದಾರಿ ತಪ್ಪಿಸಲು ಫ್ಲೇರ್ ಅನ್ನುವ ಉರಿಯುವ ಬತ್ತಿಗಳನ್ನು ಹೊರಗೆ ಬಿಡುತ್ತಾರೆ. ಎಂಜಿನ್ನಿಗಿಂತ ಅದೇ ಜಾಸ್ತಿ ಬಿಸಿ, ಕ್ಷಿಪಣಿ ಅದರ ಬೆನ್ನು ಹತ್ತುತ್ತದೆ. ಅವತ್ತು ಬಿದ್ದ ಹೆಲಿಕಾಪ್ಟರಿನಲ್ಲಿ ಫ್ಲೇರ್ ಬಿಡುವ ಸಾಧನ ಇರಲಿಲ್ಲ. ಒಳಗಿದ್ದ ನಾಲ್ವರೂ ಹೋದರು. ಸ್ಕ್ವಾಡ್ರನ್ ಲೀಡರ್ ರಾಜೀವ್ ಪುಂಡೀರ್, ಫ್ಲೈಟ್ ಲೆಫ್ಟಿನೆಂಟ್ ಎಸ್. ಮುಹಿಲನ್, ಸಾರ್ಜೆಂಟ್ ಪಿ.ವಿ.ಎನ್.ಆರ್. ಪ್ರಸಾದ್, ಸಾರ್ಜೆಂಟ್ ಆರ್.ಕೆ. ಸಾಹು. ಹೆಸರು ಪೂರ್ತಿ ಬರೆದದ್ದು ಬೇಕೆಂದೇ. ನಮ್ಮಲ್ಲಿ ಪೈಲಟ್ ಹೆಸರು ಹೇಳಿ "ಮತ್ತು ಮೂವರು" ಅಂತ ಮುಗಿಸುವ ಕೆಟ್ಟ ಚಾಳಿ ಇದೆ. ಆ ಮೂವರ ಮನೆಯಲ್ಲೂ ಪೇಪರ್ ಓದುತ್ತಾರೆ ಅಲ್ವಾ?

ನೀವು ಬಿಟ್ಟುಬಿಡಿ ಅಂದದ್ದು "ಇರಲಿಲ್ಲ" ಅನ್ನುವ ಆ ಒಂದು ಸಾಲನ್ನು. ಅದನ್ನು ತೆಗೆದರೆ ಏನುಳಿಯುತ್ತದೆ ನೋಡಿ. ನಾಲ್ವರು ಹೋದರು, ಬಿದ್ದರು, ಜೈ. ಇದ್ದರೆ ಏನು ತಿಳಿಯುತ್ತದೆ? ಹಿಂದಿನ ದಿನವಷ್ಟೇ ಇಬ್ಬರು ಪೈಲಟ್‌ಗಳಿಗೆ ಏನಾಯಿತು ಅಂತ ಗೊತ್ತಿದ್ದೂ, ತಮ್ಮ ಯಂತ್ರದಲ್ಲಿ ಆ ರಕ್ಷಣೆ ಇಲ್ಲದೆಯೂ, ಇವರು ಹತ್ತಿ ಕೂತರು ಅನ್ನೋದು. ಸಾಹಸ ಇರುವುದೇ ಆ ಸಾಲಿನಲ್ಲಿ. ಅದನ್ನೇ ಕಿತ್ತು ಹಾಕಿ ಅಂತೀರಲ್ಲ!

ಸತ್ತವರಿಗೆ ಏನು ಬಂತು ಅಂದಿರಿ. ಬದುಕಿರುವವರಿಗೆ ಬಂತು. ಈ ಮೂರು ಪೆಟ್ಟು ಬಿದ್ದ ಕೂಡಲೇ ವಾಯುಪಡೆ ಸುಮ್ನೆ ಕೂರಲಿಲ್ಲ. ರಾಕೆಟ್ ಕಟ್ಟಿದ ಹೆಲಿಕಾಪ್ಟರುಗಳನ್ನು ದಾಳಿಯಿಂದ ಹಿಂದಕ್ಕೆ ಕರೆಸಿತು. ವಿಮಾನಗಳು ಕ್ಷಿಪಣಿಗೆ ಸಿಗದ ಎತ್ತರದಿಂದ ಬಾಂಬ್ ಹಾಕಲು ಶುರು ಮಾಡಿದವು. ಲೇಸರ್ ಬೆಳಕು ತೋರಿಸಿದ ಗುರಿಗೇ ಹೋಗಿ ಬೀಳುವ ಬಾಂಬ್ ಕಟ್ಟಿಕೊಂಡ ಮಿರಾಜ್-2000 ವಿಮಾನ ಬಂತು, ಜೂನ್ 24ರಂದು ಟೈಗರ್ ಹಿಲ್ ಮೇಲೆ ಬಡಿಯಿತು. ಯುದ್ಧ ಜುಲೈ 26ರವರೆಗೂ ನಡೆಯಿತು. ಮೇ 28ರ ನಂತರ ಶತ್ರುವಿನ ಹೊಡೆತಕ್ಕೆ ನಮ್ಮ ಇನ್ನೊಂದು ವಿಮಾನ ಬೀಳಲಿಲ್ಲ. ಯಾರೋ ಒಬ್ಬರು "ಯಾಕೆ ಬಿತ್ತು?" ಅಂತ ಕೇಳಿದ್ದಕ್ಕೇ ಅಲ್ವಾ ಇದೆಲ್ಲ ಆದದ್ದು? ಅವತ್ತು ಅವರು ಕೇಳಿದ್ದು ದೇಶಭಕ್ತಿ, ಇವತ್ತು ನಾವು ಬರೆದರೆ ಅವಮಾನ ಅಂದರೆ ಈ ಲೆಕ್ಕ ನನಗೆ ತಾಳೆ ಆಗುತ್ತಿಲ್ಲ.

ದಾವಣಗೆರೆಯ ವಿದ್ಯಾನಗರದಲ್ಲಿ ನನಗೊಬ್ಬರು ಗೆಳೆಯರಿದ್ದಾರೆ. ವಾಯುಪಡೆಯಲ್ಲಿ ಸಾರ್ಜೆಂಟ್ ಆಗಿ ನಿವೃತ್ತರಾದವರು, ಕೆಲಸ ಎಲ್ಲಾ ಎಂಜಿನ್ ಪಕ್ಕದಲ್ಲೇ. ನಿಮ್ಮ ಕಾಗದ ಓದಿ ಹೇಳಿದೆ. ಅವರು ನಕ್ಕರು. "ಸಾರ್, ಫಾರ್ಮ್ 700 ಅಂತ ಒಂದಿರುತ್ತೆ. ಯಂತ್ರದಲ್ಲಿ ಏನು ದೋಷ ಇದ್ದರೂ ಅದರಲ್ಲಿ ಬರೀಬೇಕು. ಸರಿಮಾಡಿದವನ ಸಹಿ ಬೀಳಬೇಕು. ಅದನ್ನು ನೋಡಿ ಪೈಲಟ್ ಸಹಿ ಹಾಕದೆ ಹತ್ತೋ ಹಾಗೇ ಇಲ್ಲ. ನಮ್ಮಲ್ಲಿ ದೋಷ ಬರೆದವನನ್ನು ಯಾರೂ ಬೈಯೋದಿಲ್ಲ, ಮುಚ್ಚಿಟ್ಟವನನ್ನು ಬಿಡೋದಿಲ್ಲ" ಅಂದರು. ಆ ಸಮವಸ್ತ್ರ ಹಾಕಿದವರ ರೀತಿ ಅದು. ಹಾಕದ ನಾವು ಅವರ ಪರವಾಗಿ ಜಾಸ್ತಿ ನೊಂದುಕೊಳ್ಳುತ್ತೇವೆ.

ಮುಚ್ಚಿಟ್ಟರೆ ಏನಾಗುತ್ತದೆ ಅನ್ನುವುದಕ್ಕೆ ಬಡ್ಗಾಂ ಇದೆ. 2019ರ ಫೆಬ್ರವರಿ 27, ಬಾಲಾಕೋಟ್ ದಾಳಿಯ ಮರುದಿನ. ಶ್ರೀನಗರದಿಂದ ಹಾರಿದ ಎಂಐ-17 ಬಡ್ಗಾಂ ಹತ್ತಿರ ಬಿತ್ತು. ವಾಯುಪಡೆಯ ಆರು ಮಂದಿ ಹೋದರು, ನೆಲದ ಮೇಲಿದ್ದ ಊರಿನವನೊಬ್ಬನೂ ಹೋದ. ಹೊಡೆದದ್ದು ನಮ್ಮದೇ ಕ್ಷಿಪಣಿ. ಅದು ನಮ್ಮದೇ ಅಂತ ವಾಯುಪಡೆಯ ಮುಖ್ಯಸ್ಥರು ಬಾಯಿಬಿಟ್ಟು ಒಪ್ಪಿಕೊಂಡದ್ದು ಆ ವರ್ಷದ ಅಕ್ಟೋಬರಿನಲ್ಲಿ. ದೊಡ್ಡ ತಪ್ಪಾಯಿತು ಅಂದರು. ಆ ಮಾತಿಗೆ ನಾನು ಕೈಮುಗಿಯುತ್ತೇನೆ, ಎಲ್ಲರಿಗೂ ಬರುವ ಮಾತಲ್ಲ. ಆದರೆ ನಡುವೆ ಏಳು ತಿಂಗಳು ಹೋಯಿತು. ಒಂದು ಲೋಕಸಭಾ ಚುನಾವಣೆಯೂ ಮುಗಿಯಿತು. ಆ ಏಳು ತಿಂಗಳು ಆರು ಮನೆಗಳಲ್ಲಿ ಏನು ಮಾತಾಡಿಕೊಂಡಿರಬಹುದು ಅಂತ ಯೋಚಿಸಿದ್ದೀರಾ?

ಇನ್ನು ನೀವು ದುರ್ಗದ ಸೀಮೆಯವರು, ನಿಮಗೆ ನಾನು ಹೇಳಬೇಕಾ? ಓಬವ್ವನ ಕಥೆ ನಿಮ್ಮ ಹುಡುಗರಿಗೆ ಎಷ್ಟು ಸಲ ಹೇಳಿರುತ್ತೀರಿ. ಕಳ್ಳಗಂಡಿ ಇತ್ತು, ಕಾವಲುಗಾರ ಗಂಡ ಊಟಕ್ಕೆ ಬಂದಿದ್ದ, ನೀರಿಗೆ ಹೋದ ಓಬವ್ವ ಹೈದರಾಲಿಯ ಸೈನಿಕರು ನುಸುಳುವುದನ್ನು ನೋಡಿ ಒನಕೆ ಎತ್ತಿದಳು. ಕೋಟೆಗೆ ಒಂದು ಕಿಂಡಿ ಇತ್ತು, ಅಲ್ಲಿ ಆ ಹೊತ್ತಿಗೆ ಕಾವಲು ಇರಲಿಲ್ಲ. ಎರಡೂ ದುರ್ಗದ ಲೋಪವೇ ತಾನೇ? ಇನ್ನೂರು ವರ್ಷಕ್ಕೂ ಮೇಲ್ಪಟ್ಟು ನಮ್ಮ ಅಜ್ಜಿಯರು ಅದನ್ನು ಮುಚ್ಚಿಡದೆ ಹೇಳಿಕೊಂಡು ಬಂದರು. ಓಬವ್ವನ ಮರ್ಯಾದೆ ಹೋಯಿತಾ? ಕಿಂಡಿ ಬಿಟ್ಟು ಕಥೆ ಹೇಳಿದರೆ ಆಕೆ ಒನಕೆ ಹಿಡಿದು ಅಲ್ಲಿ ಯಾಕೆ ನಿಂತಿದ್ದಳು ಅಂತಲೇ ಮಕ್ಕಳಿಗೆ ತಿಳಿಯುವುದಿಲ್ಲ. ಕೊನೆಗೆ 1779ರಲ್ಲಿ ಕೋಟೆ ಬಿದ್ದದ್ದನ್ನೂ ನಮ್ಮ ಜನ ಒಳಗಿನವರ ದ್ರೋಹದಿಂದ ಅಂತ ನೇರವಾಗಿಯೇ ಹೇಳುತ್ತಾರೆ. ಅಷ್ಟು ಗಟ್ಟಿ ಜನ ನಾವು. ಯಾವಾಗ ಇಷ್ಟು ಸೂಕ್ಷ್ಮ ಆದೆವೋ ಗೊತ್ತಿಲ್ಲ.

ಚಳ್ಳಕೆರೆ ಹತ್ತಿರ ಕುದಾಪುರದಲ್ಲಿ ಡಿಆರ್‌ಡಿಓದವರ ಪರೀಕ್ಷಾ ಕೇಂದ್ರ ಇದೆಯಲ್ಲ, ಅಲ್ಲಿಂದ ಹಾರಿದ ಡ್ರೋನ್ 2019ರಲ್ಲಿ ಜೋಡಿಚಿಕ್ಕೇನಹಳ್ಳಿ ಹತ್ತಿರ ಹೊಲದಲ್ಲಿ ಬಿತ್ತು. 2023ರಲ್ಲಿ ಇನ್ನೊಂದು ಹಿರಿಯೂರು ತಾಲ್ಲೂಕಿನ ವದ್ದಿಕೆರೆ ಹತ್ತಿರ ಬಿತ್ತು. ಒಳಗೆ ಪೈಲಟ್ ಇಲ್ಲದ ಯಂತ್ರ, ಪುಣ್ಯಕ್ಕೆ ಯಾರಿಗೂ ಏನಾಗಲಿಲ್ಲ. ಪರೀಕ್ಷೆ ಅಂದಮೇಲೆ ಬೀಳುತ್ತವೆ, ಬಿದ್ದರೇನೇ ಕಲಿಯುವುದು. ಅದರಲ್ಲಿ ನಾಚಿಕೆ ಪಡುವಂಥದ್ದು ಏನೂ ಇಲ್ಲ.

ನನ್ನ ನಿಜವಾದ ಸಂಕಟ ಬೇರೆ. ಹೈವೇಯಲ್ಲಿ ರಾತ್ರಿ ಬಸ್ಸು ಲಾರಿಗೆ ಗುದ್ದುತ್ತದೆ, ಬೆಳಿಗ್ಗೆ ಪೇಪರಿನಲ್ಲಿ "ಕ್ರೂರ ವಿಧಿ". ಮುಚ್ಚದ ಕೊಳವೆಬಾವಿಗೆ ಮಗು ಬೀಳುತ್ತದೆ, "ವಿಧಿಯಾಟ". ಡ್ರೈವರ್ ಎಷ್ಟು ಹೊತ್ತು ನಿದ್ದೆ ಮಾಡಿದ್ದ, ಲಾರಿಯ ಹಿಂದಿನ ದೀಪ ಉರಿಯುತ್ತಿತ್ತಾ, ಕೊಳವೆಬಾವಿಯ ಬಾಯಿ ಮುಚ್ಚುವ ಕೆಲಸ ಯಾರದ್ದಾಗಿತ್ತು, ಇದನ್ನು ಯಾರೂ ಕೇಳುವುದಿಲ್ಲ. ಸರ್ಕಲ್‌ನಲ್ಲಿ ಒಂದು ಫ್ಲೆಕ್ಸ್ ಕಟ್ಟಿದರೆ ಎಲ್ಲ ಮುಗಿಯಿತು. ಅದರಲ್ಲಿ ಹೋದವರ ಫೋಟೋ ಚಿಕ್ಕದು, ಶ್ರದ್ಧಾಂಜಲಿ ಕೋರುವವರ ಫೋಟೋ ದೊಡ್ಡದು. ಯೋಧರಿಗೂ ಇದೇ ಆಗುತ್ತಿದೆ ಮೇಷ್ಟ್ರೇ. ಪ್ರಶ್ನೆ ಕೇಳುವ ಶ್ರಮಕ್ಕಿಂತ ಹೂವಿನ ಹಾರ ಅಗ್ಗ.

ಮಕ್ಕಳು ಸೇನೆಗೆ ಸೇರುತ್ತಾರಾ ಅಂದಿರಿ. ಸೇರಲಿ, ನಾನೂ ಹೇಳುತ್ತೇನೆ. ಆದರೆ ಆ ಹುಡುಗ ಹತ್ತುವ ಹೆಲಿಕಾಪ್ಟರಿನಲ್ಲಿ ಬೇಕಾದದ್ದೆಲ್ಲ ಇದೆಯಾ ಅಂತ ಕೇಳುವ ಜನ ಅವನ ಊರಿನಲ್ಲಿ ಇರಲಿ. ಮೂವತ್ತು ವರ್ಷ ಲೆಕ್ಕ ಕಲಿಸಿದವರು ನೀವು. ಉತ್ತರ ತಪ್ಪಾದಾಗ ಯಾವ ಹಂತದಲ್ಲಿ ತಪ್ಪಿತು ಅಂತ ಕೆಂಪು ಇಂಕಿನಲ್ಲಿ ಗುರುತು ಹಾಕದೆ ಬಿಟ್ಟಿದ್ದೀರಾ?

ಜುಲೈ 26ಕ್ಕೆ ಪ್ರತಿ ವರ್ಷ ಊರಿನ ಹೈಸ್ಕೂಲಿನಲ್ಲಿ ನೀವೇ ಭಾಷಣ ಮಾಡುವುದು ಅಂತ ಬರೆದಿದ್ದೀರಿ. ಮುಂದಿನ ಸಲ ನಾಲ್ಕೂ ಹೆಸರು ಹೇಳಿ, ಫ್ಲೇರ್ ವಿಷಯವನ್ನೂ ಹೇಳಿ. ಹಿಂದಿನ ಬೆಂಚಿನಿಂದ ಯಾರಾದರೂ ಎದ್ದು "ಯಾಕಿರಲಿಲ್ಲ ಸಾರ್?" ಅಂದರೆ ದಯವಿಟ್ಟು ಕೂತ್ಕೋ ಅನ್ನಬೇಡಿ.

ಎರಡು ಪ್ರತಿ ಇವತ್ತಿನ ಅಂಚೆಗೆ ಹಾಕಿಸಿದ್ದೇನೆ. ದುಡ್ಡು ಕಳಿಸಬೇಡಿ.

– ಸಂಪಾದಕ